ಶುಷ್ಕನಿದ್ರೆಯಲ್ಲಿ ಪ್ರಹ್ಲಾದ

ಶುಷ್ಕನಿದ್ರಾ ಯಂತ್ರವು ಪ್ರಹ್ಲಾದನ ಮೈಯೊಳಗಿನ ನೀರನ್ನೆಲ್ಲ ಹೀರಿಕೊಂಡು ಸದ್ದಿಲ್ಲದೆ ನಿಂತಿತು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನನ್ನು ವಾರಿಜಾ ಬಾಗಿ ನೋಡಿದಳು. ಒಣಗಿದ ಅಂಜೂರದಂಥ ಮುಖ, ಒಡೆದ ತುಟಿ. ಕೆಟ್ಟುಹೋದ ಅವನ ಯಕೃತ್ತಿಗೆ ಬದಲಾಗಿ ಹೊಸದೊಂದನ್ನು ಧಾರವಾಡದ ಆ ಪ್ರಯೋಗಾಲಯದಲ್ಲೇ ಬೆಳೆಸುತ್ತಿದ್ದರು. ಅದು ಬಲಿಯುವವರೆಗೆ ಅವನು ಹೀಗೆಯೇ ಬದುಕಿರಬೇಕು.

ಯಂತ್ರವನ್ನು ರೂಪಿಸಿದ ಡಾ. ಕಟಗೇರಿ ಕಿಟಕಿಯಲ್ಲಿದ್ದ ಕುಂಡವನ್ನು ತೋರಿಸಿದರು. ನಿಂಬೆಹಣ್ಣಿನ ಗಾತ್ರದ ಪಾಪಾಸುಕಳ್ಳಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ್ದು.

"ಚಳಿಗಾಲದಾಗ ಇದು ಬತ್ತಿ ಮಣ್ಣೊಳಗ ಇಳೀತದ್ರಿ. ಸತ್ತಹಂಗ ಕಾಣತದ, ಸತ್ತಿರಂಗಿಲ್ಲ. ಚಳಿ ಮುಗೀತಂದ್ರ ಮೈತುಂಬ ಕೆಂಪು ಹೂವು. ಇದರ ಗುಣಾನ ನಿಮ್ಮ ಯಜಮಾನರ ಜೀವಕೋಶಕ್ಕ ಕೊಟ್ಟೀವಿ. ಆದ್ರ ನಿದ್ದಿಯೊಳಗ ಒಂದು ಹನಿ ನೀರು ಬಿದ್ರೂ ಮೈ ಒಳಗಿಂದೊಳಗ ಕೊಳೀತದ."

"ತುಟಿ ಸೈತ ಒರಸಬಾರದೇನ್ರಿ?"

"ಒಣ ಬಟ್ಟಿಲೆ ಒರಸ್ರಿ."

ಬೆಂಕಿ, ಭೂಕಂಪ, ವಿದ್ಯುತ್ತಿನ ಕಡಿತ ಎಲ್ಲವನ್ನೂ ಎಣಿಸಿ ಯಂತ್ರಕ್ಕೆ ಕಾವಲಿಟ್ಟಿದ್ದರು. ಪ್ರಹ್ಲಾದನ ತಾಯಿ ದ್ವಾರಕಾಬಾಯಿಯನ್ನು ಮಾತ್ರ ಯಾರೂ ಎಣಿಸಿರಲಿಲ್ಲ.

ಆಕೆ ಬಂದಾಗಲೆಲ್ಲ ಮಗನ ತುಟಿ ನೋಡಿ ಸೊಸೆಯನ್ನು ಚುಚ್ಚುತ್ತಿದ್ದಳು. "ಸಾಯೋರ ಬಾಯಿಗೆ ವೈರಿನೂ ನೀರು ಬಿಡತಾನ. ನೀ ಎಂಥಾಕಿ!" ವಾರಿಜಾ ಒಣ ಬಟ್ಟೆಯಿಂದ ಗಂಡನ ತುಟಿ ಒರೆಸುತ್ತಿದ್ದಳು. ಅಂತೂ ಯಕೃತ್ತು ಬಲಿಯಿತು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅತ್ತೆ ಸೆರಗಿನ ಮರೆಯಿಂದ ಕಾಶಿಯ ಗಂಗಾಜಲದ ಗಿಂಡಿಯನ್ನು ಹೊರತೆಗೆದಳು.

"ನಾಳೆ ಕೊಯ್ಯೋ ಮುಂದ ಜೀವ ಹೋದ್ರ? ಡಾಕ್ಟರು ನೀರು ಬ್ಯಾಡಂದಾರ. ಗಂಗಿ ಅಂದ್ರ ನೀರೇನು?"

ಆ ಮಾತು ವಾರಿಜಾಳಿಗೆ ನಾಟಿತು. ಗಂಡ ಬಾಯಾರಿ ಮಲಗಿದ್ದಾನೆಂಬ ಸಂಕಟ ಅವಳನ್ನೂ ಸುಡುತ್ತಲೇ ಇತ್ತು. ಪೆಟ್ಟಿಗೆಯ ಮುಚ್ಚಳ ತೆರೆದು, ತುಳಸಿದಳದಿಂದ ಅವಳೇ ತೀರ್ಥ ಬಿಟ್ಟಳು.

ಪ್ರಹ್ಲಾದನ ಕೆನ್ನೆ ಕೆಂಪೇರಿತು. ಕಣ್ಣು ಬಿಟ್ಟ. "ವಾರಿಜಾ, ಇನ್ನಷ್ಟು ಕೊಡು," ಎಂದ. ಅವಳಿಗೆ ಸ್ವರ್ಗ ಮೂರೇ ಗೇಣು! ಕೂಗಿ ವೈದ್ಯರನ್ನು ಕರೆದಳು.

ಕಟಗೇರಿ ಬಂದು ಗಿಂಡಿಯನ್ನು ನೋಡಿದರು, ಯಂತ್ರದ ಪರದೆಯನ್ನು ನೋಡಿದರು.

"ಆಪರೇಷನ್ ಇವತ್ತ ಮಾಡ್ರಿ, ಎದ್ದಾರಲ್ಲ," ಎಂದಳು ವಾರಿಜಾ.

ಅವರು ಅವಳಿಗಷ್ಟೇ ಕೇಳುವಂತೆ ಹೇಳಿದರು: "ಎಲ್ಲಿ ಜೋಡಸಲಿ ತಾಯಿ? ಒಳಗೆಲ್ಲಾ ಕೊಳೀಲಿಕ್ಕೆ ಹತ್ತೇದ. ಬುಡ ಕೊಳೆತ ಗಿಡಾನೂ ಸಾಯೋ ಮುಂದ ಒಮ್ಮೆ ಹೂ ಬಿಡತದ."

"ನೀರು," ಎಂದ ಪ್ರಹ್ಲಾದ, ನಗುತ್ತ.

ಕಟಗೇರಿ ಮುಖ ತಿರುಗಿಸಿದರು. "ಕೊಡ್ರಿ. ಇನ್ನ ಎಷ್ಟು ಬೇಕಾದ್ರೂ ಕೊಡ್ರಿ."

ಅತ್ತೆ ಹಿಗ್ಗಿ ಕೈಮುಗಿದಳು. "ನೋಡು, ಡಾಕ್ಟರೇ ಒಪ್ಪಿದರು! ನಾ ಮೊದಲ ಹೇಳಿದ್ದಿಲ್ಲೇನು?"

ವಾರಿಜಾ ಲೋಟ ತುಂಬಿಸಿ, ಗಂಡನ ತಲೆಯನ್ನು ಎತ್ತಿ ಹಿಡಿದು, ನಿಧಾನವಾಗಿ ಕುಡಿಸತೊಡಗಿದಳು.