ಬಟ್ಟೆ ತಾಗದ ಕೈ

"ಹಿಡಿ! ಹಿಡಿ ಅಂದ್ರೆ ಹಿಡಿ!"

ಹೀಗೆ ಅಂದವಳೇ ಅತ್ತೆ, ಒಣಗಿದ ಅಂಗಿಯೊಂದನ್ನು ಸೊಸೆಯ ಮಡಿಲಿಗೆ ಎಸೆದಳು. ಅಂಗಿಯ ತೋಳು ಸೊಸೆಯ ಬಲಗೈಗೆ ಸೋಕಿತು, ಅಷ್ಟೇ. ಮೈಮೇಲೆ ಕೆಂಡ ಬಿದ್ದವಳ ಹಾಗೆ ಅವಳು ಚೀರಿದಳು... ಕೈಯನ್ನು ಎದೆಯ ಮುಂದೆ ಗಾಳಿಯಲ್ಲೇ ಎತ್ತಿ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು ಗೋಡೆಗೆ ಒರಗಿ ಕೂತಳು.

"ನೋಡಪ್ಪಾ, ನಿನ್ನ ಹೆಂಡ್ತಿ ಆಟ ನೋಡು! ಅಂಗಿ ಕಚ್ಚಿತಂತೆ!"

ಮಗ ಬಸ್ ಓಡಿಸುವವನು. ಡ್ಯೂಟಿಗೆ ಹೊರಟು ಬೂಟಿನ ದಾರ ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. "ಬಿಡಮ್ಮಾ..." ಅಂದ. ಯಾರನ್ನು ಬಿಡಬೇಕು, ಏನನ್ನು ಬಿಡಬೇಕು ಅಂತ ಹೇಳಲಿಲ್ಲ.

"ಬಿಡಕ್ಕಾಗಲ್ಲ. ಹೊಲಿಯೋರಿಲ್ಲದ ಮಿಷಿನ್ ಈ ಮನೆಯಲ್ಲಿ ಧೂಳು ತಿನ್ನೋದು ಬೇಡ. ಭಾನುವಾರ ನನ್ನ ತಂಗಿ ಮಗಳು ಬಂದು ತಗೊಂಡು ಹೋಗ್ತಾಳೆ. ಇವಳು ತವರಿಗೆ ಹೋಗಿ ಬೇಕಾದಷ್ಟು ದಿನ ಕೈ ಮೇಲೆತ್ತಿಕೊಂಡು ಕೂರಲಿ!"

ಮಿಷಿನ್ ಅಂದಾಗ ಮಾತ್ರ ಸೊಸೆಯ ಕಣ್ಣು ತುಂಬಿತು. ಬೀದಿಯ ಕಡೆ ತೆರೆದುಕೊಳ್ಳುವ ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ ಹನ್ನೊಂದು ವರ್ಷ ಆ ಮಿಷಿನ್ ತುಳಿದವಳು ಅವಳು. ಬೀದಿಯವರಿಗೆಲ್ಲ ಅವಳು ಟೇಲರಮ್ಮ. ಅರ್ಧ ಶಾಲೆಯ ಮಕ್ಕಳ ಮೈಮೇಲೆ ಅವಳ ಹೊಲಿಗೆ ಓಡಾಡುತ್ತಿತ್ತು.

ಆಗಿದ್ದು ಇಷ್ಟು. ನಾಲ್ಕು ತಿಂಗಳ ಹಿಂದೆ ಅವಳಿಗೆ ಎದೆ ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ಬಲ ಮಣಿಕಟ್ಟಿನ ರಕ್ತನಾಳಕ್ಕೆ ದಾರದಂಥ ನಳಿಕೆ ತೂರಿಸಿ, ಅದನ್ನು ಹೃದಯದವರೆಗೂ ಕಳಿಸಿ ನೋಡಿದರು. ಹೃದಯದಲ್ಲಿ ಏನೂ ದೋಷವಿಲ್ಲ ಅಂದರು. ಮನೆಯವರು ಸಿಹಿ ಹಂಚಿದ್ದೇ ಹಂಚಿದ್ದು! ಆದರೆ ನಳಿಕೆ ಹೋದ ದಾರಿಯಲ್ಲಿ ಒಳಗೇ ರಕ್ತ ಸೋರಿ ಕೈ ಊದಿಕೊಂಡಿತ್ತು. ಊತ ಇಳಿಯಿತು, ಉರಿ ಇಳಿಯಲಿಲ್ಲ. ನರಕ್ಕೆ ಪೆಟ್ಟಾಗಿದೆ, ಸಾವಿರಾರು ಜನರಲ್ಲಿ ಯಾರೋ ಒಬ್ಬರಿಗೆ ಹೀಗಾಗುತ್ತದೆ ಅಂದರು ಡಾಕ್ಟರು. ಹೊರಗೆ ನೋಡಿದರೆ ಮಣಿಕಟ್ಟಿನ ಮೇಲೆ ಸೊಳ್ಳೆ ಕಚ್ಚಿದಷ್ಟು ಗುರುತು. ಒಳಗೆ ಮಾತ್ರ ಹಗಲೂ ರಾತ್ರಿ ಒಲೆ. ಬೇರೆ ಏನು ತಾಗಿದರೂ ಹೇಗೋ ತಡೆದುಕೊಳ್ಳುತ್ತಿದ್ದಳು, ಬಟ್ಟೆ ಸೋಕಿದರೆ ಮುಗಿಯಿತು... ತನ್ನ ಎಲ್ಲ ರವಿಕೆಗಳ ಬಲತೋಳನ್ನೂ ಎಡಗೈಯಲ್ಲಿ ತಾನೇ ಕತ್ತರಿಸಿ ಹಾಕಿದ್ದಳು.

ಅತ್ತೆ ಕೆಟ್ಟವಳೇನಲ್ಲ, ಆದರೆ ಅವಳ ಅಳತೆಗೋಲು ಅವಳದೇ ಕೈ. ದೊಡ್ಡ ಲಾಂಡ್ರಿಯೊಂದರಲ್ಲಿ ಮೂವತ್ತು ವರ್ಷ ಕುದಿಯುವ ನೀರಿನಿಂದ ಬೆಡ್‌ಶೀಟು ಎತ್ತಿ ಹಿಂಡಿದವಳು. ಬೆರಳು ಸೊಟ್ಟಗಾದರೂ ಅಯ್ಯೋ ಅಂದವಳಲ್ಲ. ಗಾಯವೇ ಕಾಣದ ಕೈಗೆ ಇಷ್ಟು ರಂಪ ಏಕೆ ಅನ್ನುವುದು ಅವಳ ತಲೆಗೆ ಹೋಗಲೇ ಇಲ್ಲ. ಹೃದಯ ಚೆನ್ನಾಗಿದೆ ಅಂತ ಆಸ್ಪತ್ರೆಯವರೇ ಬರೆದುಕೊಟ್ಟಿದ್ದಾರಲ್ಲ, ಇನ್ನೇನು ಬೇಕು!

ಶನಿವಾರ ಮಧ್ಯಾಹ್ನ. ಸೊಸೆ ಮಂಚದ ಪಕ್ಕದ ಮರದ ಸ್ಟೂಲಿನ ಮೇಲೆ ಬಲಗೈ ಚಾಚಿ ನಿದ್ದೆ ಹೋಗಿದ್ದಳು. ಅತ್ತೆಗೆ ಒಂದು ಯೋಚನೆ ಹೊಳೆಯಿತು. ಎಚ್ಚರವಿದ್ದಾಗ ನಾಟಕ ಆಡಬಹುದು, ನಿದ್ದೆಯಲ್ಲಿ ಯಾರು ಆಡುತ್ತಾರೆ? ಮಿಷಿನ್ ಕೆಳಗಿನ ಚೀಲದಿಂದ ಮಲ್‌ಮಲ್ ತುಂಡೊಂದನ್ನು ಆರಿಸಿದಳು. ಊದಿದರೆ ಹಾರುವಂಥದ್ದು. ಕಾಲ್ಬೆರಳಿನ ಮೇಲೆ ನಡೆದು ಹೋಗಿ ಸೊಸೆಯ ಕೈ ಮೇಲೆ ಅದನ್ನು ಹಾಸಿದಳು.

ಚೀರಾಟವಿಲ್ಲ. ಕೈ ಕೊಸರಲೂ ಇಲ್ಲ. 'ಸಿಕ್ಕಿಬಿದ್ದಳು!' ಅಂದುಕೊಂಡಳು ಅತ್ತೆ. ಅಷ್ಟರಲ್ಲೇ ಆ ಕೈ ಅವಳ ಕಣ್ಣೆದುರಿಗೇ ಬಣ್ಣ ಬದಲಿಸತೊಡಗಿತು... ಮೊದಲು ಕೆಂಪು, ಆಮೇಲೆ ನೇರಳೆ. ಬೆರಳುಗಳ ಮೇಲೆ ಬೆವರು ಮಣಿ ಮಣಿಯಾಗಿ ಒಡೆಯಿತು. ಮುಖ ನೋಡಿದರೆ, ಮುಚ್ಚಿದ ಕಣ್ಣುಗಳಿಂದ ಧಾರೆ ಇಳಿದು ದಿಂಬು ನೆನೆದಿದೆ! ಕಚ್ಚಿ ಹಿಡಿದ ತುಟಿಯಲ್ಲಿ ರಕ್ತ!

ಅತ್ತೆ ಗಾಬರಿಯಾಗಿ ತುಂಡನ್ನು ಎಳೆದು ಎಸೆದಳು. "ಅಯ್ಯೋ... ಎಚ್ಚರ ಇತ್ತೇನೇ ನಿಂಗೆ?"

"ಇತ್ತು ಅತ್ತೆ. ಚೀಲ ಸರಸರ ಅಂದಾಗಲೇ ಎಚ್ಚರ ಆಯ್ತು. ನೀವು ಬರೋದು ನೋಡಿದೆ."

"ಮತ್ತೆ ಕೈ ಯಾಕೆ ತೆಗೀಲಿಲ್ಲ?"

"ತೆಗೆದಿದ್ರೆ ಮತ್ತೆ ನಾಟಕ ಅಂತಿದ್ರಿ..." ಸೊಸೆ ಎಡಗೈಯಿಂದ ತುಟಿಯ ರಕ್ತ ಒರೆಸಿಕೊಂಡಳು. "ಒಂದ್ಸಲ ಆದ್ರೂ ನೀವು ನೋಡಿಬಿಡಿ ಅಂತ ಹಾಗೇ ಬಿಟ್ಟೆ."

ಅತ್ತೆ ಮಂಚದ ಪಕ್ಕ ನೆಲದ ಮೇಲೇ ಕೂತಳು. ಕುದಿನೀರಿನಿಂದಾದರೂ ತನಗೆ ಬೇಡವಾದಾಗ ತಾನು ಕೈ ತೆಗೆಯಬಹುದಿತ್ತು. ಈ ಹುಡುಗಿ, ನಂಬಲಿ ಅನ್ನುವುದೊಂದಕ್ಕೆ ಉರಿಯೊಳಗೇ ಕೈ ಇಟ್ಟುಕೊಂಡು ಮಲಗಿದ್ದಳಲ್ಲ! ಏನು ಗಟ್ಟಿ ಜೀವ ಇದು...

ಸಂಜೆ ಮಗ ಬಂದವನು ಆ ಕೈ ನೋಡಿ ಹೌಹಾರಿದ. "ಏನಾಯ್ತು ಇದು?"

"ಏನಿಲ್ಲ, ದಿಂಬಿನ ಬಟ್ಟೆ ತಾಗಿತು..." ಅಂದಳು ಸೊಸೆ.

"ಸುಳ್ಳು ಹೇಳ್ತಾಳೆ!" ಅತ್ತೆ ಅಡಿಗೆಮನೆಯಿಂದಲೇ ಕೂಗಿದಳು. "ನಾನು ಮಾಡಿದ್ದು. ನಾನೇ! ನಾಳೆ ನನ್ನ ತಂಗಿ ಮಗಳು ಬರೋದು ಬೇಡ ಅಂತ ಫೋನ್ ಮಾಡು. ಸೋಮವಾರ ಆಸ್ಪತ್ರೆಗೆ ಇವಳ ಜೊತೆ ನಾನು ಹೋಗ್ತೀನಿ."

ಆಸ್ಪತ್ರೆಯಲ್ಲಿ ಕೈಕಾಲಿನ ವ್ಯಾಯಾಮ ಹೇಳಿಕೊಡುವ ಹೆಂಗಸು ಸೊಸೆಯ ಕೈ ನೋಡಿ, ಅತ್ತೆಯ ಕಡೆ ತಿರುಗಿದಳು. "ಗಾಯ ಮಾಗಿದೆ ಅಜ್ಜಿ, ನರ ಮಾತ್ರ ಇನ್ನೂ ಕೂಗ್ತಿದೆ. ಇವರ ಉರಿ ಸುಳ್ಳಲ್ಲ. ಬಟ್ಟೆಯಿಂದ ದೂರ ಇದ್ದಷ್ಟೂ ಜಾಸ್ತಿ ಆಗತ್ತೆ. ಎಲ್ಲಕ್ಕಿಂತ ಮೆತ್ತಗಿರೋದರಿಂದ ಶುರು ಮಾಡಿ, ದಿನಕ್ಕೆ ನಾಲ್ಕೈದು ಸಲ, ಒಂದೊಂದು ನಿಮಿಷ ಸವರಿ. ಆಮೇಲೆ ಒರಟು ಬಟ್ಟೆ. ಒಂದು ಮಾತು, ಸಾಕು ಅನ್ನೋದು ಇವರು. ಅಂದ ತಕ್ಷಣ ನಿಲ್ಲಿಸೋದು ನೀವು."

ಆ ಮನೆಯಲ್ಲಿ ಇಲ್ಲಿಯವರೆಗೆ ಸಾಕು ಅನ್ನುವ ಅಧಿಕಾರ ಅತ್ತೆಯದೊಂದೇ ಆಗಿತ್ತು. ಅತ್ತೆ ಆಗಲಿ ಅಂತ ತಲೆಯಾಡಿಸಿದಳು.

ಚೀಲದ ತುಂಡುಗಳನ್ನೆಲ್ಲ ಮಂಚದ ಮೇಲೆ ಸುರಿದುಕೊಂಡರು. ಸೊಸೆ ಕಣ್ಣಿನಲ್ಲೇ ಮುಟ್ಟಿ ಮುಟ್ಟಿ ಆರಿಸಿದಳು. ಕೈ ರೇಷ್ಮೆಗೆ ಒಗ್ಗಲು ಒಂಬತ್ತು ದಿನ ಹಿಡಿಯಿತು, ಮಲ್‌ಮಲ್‌ಗೆ ಇಪ್ಪತ್ತು. ಗಟ್ಟಿ ನೇಯ್ಗೆಯ ಪಾಪ್ಲಿನ್ ಹತ್ತಿರ ಬಂದಾಗ ಎಲ್ಲ ನಿಂತುಹೋಯಿತು. "ಈ ಪಾಪ್ಲಿನ್ ನಿಮ್ಮ ಮಾವನ ಹಾಗೆ ಕಣೇ, ಜಪ್ಪಯ್ಯ ಅಂದ್ರೂ ಬಗ್ಗಲ್ಲ," ಅಂದಳು ಅತ್ತೆ. ಸೊಸೆ ಅಳುತ್ತಲೇ ನಕ್ಕಳು.

ಶಾಲೆ ಶುರುವಾಗುವ ದಿನ ಹತ್ತಿರ ಬಂತು. ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಬಟ್ಟೆ ತಂದರು. ಸೊಸೆ ಬಾಯಲ್ಲಿ ಹೇಳಿದಳು, ಅತ್ತೆ ಕನ್ನಡಕ ಏರಿಸಿ ಕತ್ತರಿಸಿದಳು. ಮೊದಲನೇ ದಿನವೇ ಒಂದು ಅಂಗಿಗೆ ಎರಡೂ ಎಡತೋಳು!

"ಅತ್ತೆ, ಆ ಮಗುಗೆ ಬಲಗೈ ಬೇಡ್ವಾ?"

"ನೀನು ನೆಟ್ಟಗೆ ಹೇಳಿದ್ರೆ ತಾನೇ!"

ಎಲ್ಲ ದಿನವೂ ಹೀಗೆ ನಗುವಿನದಲ್ಲ. ಮೋಡ ಕವಿದ ದಿನ ಕೈ ಮತ್ತೆ ನೇರಳೆಗೆ ತಿರುಗುತ್ತಿತ್ತು. ಮೂರು ವಾರದ ದುಡಿಮೆ ಮೂರು ಗಂಟೆಯಲ್ಲಿ ನೀರಾಗುತ್ತಿತ್ತು. "ನನ್ನಿಂದ ಆಗಲ್ಲ ಅತ್ತೆ... ಈ ಕೈ ಕಡಿದು ಹಾಕಿಬಿಡಿ!" ಅಂತ ಸೊಸೆ ಗೋಳಾಡಿದ ದಿನವೂ ಉಂಟು. ಅಂಥ ದಿನ ಅತ್ತೆ ಬುದ್ಧಿ ಹೇಳಲಿಲ್ಲ. ಬಾಗಿಲು ಹಾಕಿಕೊಂಡು, ಸುಮ್ಮನೆ ಅವಳ ಕಾಲ ಬಳಿ ಕೂತಿರುತ್ತಿದ್ದಳು. ಮರುದಿನ ಬೆಳಿಗ್ಗೆ ಸೊಸೆ ತಾನಾಗಿಯೇ ಎದ್ದು ಬಂದು ರೇಷ್ಮೆ ತುಂಡು ಚಾಚುತ್ತಿದ್ದಳು, ಮತ್ತೆ ಮೊದಲಿನಿಂದ. ಅದನ್ನು ನೋಡಿದಾಗಲೆಲ್ಲ ಅತ್ತೆಗೆ ಎದ್ದು ನಿಂತು ಕೈ ಮುಗಿಯಬೇಕು ಅನ್ನಿಸುತ್ತಿತ್ತು.

ಕೈಗೆ ಪೆಟ್ಟಾದ ಏಳನೆಯ ತಿಂಗಳು ಅವಳು ಮಿಷಿನ್ ಮುಂದೆ ಕೂತಳು. ಎಡಗೈ ಬಟ್ಟೆ ತಳ್ಳಿತು, ಬಲಗೈಯ ಎರಡು ಬೆರಳು ಅಂಚು ಹಿಡಿದವು. ಹಣೆಯ ಮೇಲೆ ಬೆವರು. ಒಂದು ಗೇಣು ಹೊಲಿಗೆ, ನಿಂತು ಉಸಿರು, ಇನ್ನೊಂದು ಗೇಣು.

ಆಗಲೇ ಎದುರಿನ ಬೇಕರಿಯಾಕೆ ಮಗಳ ಯೂನಿಫಾರ್ಮ್ ಕೇಳಿಕೊಂಡು ಬಂದಳು. ಸೊಸೆಯದು ನಾಟಕ ಅನ್ನುವ ಸುದ್ದಿಯನ್ನು ಅತ್ತೆಯ ಬಾಯಿಂದಲೇ ಕೇಳಿ, ಬೀದಿಗೆಲ್ಲ ಹಂಚಿದವಳು ಅವಳು. ಕಿಟಕಿಯಲ್ಲಿ ಇಣುಕಿ ನಕ್ಕಳು. "ಓಹೋ, ಟೇಲರಮ್ಮನ ನೋವೆಲ್ಲ ಹೋಯ್ತು ಅನ್ನಿ! ಅಂತೂ ದಾರಿಗೆ ತಂದ್ರಲ್ಲ ಅಜ್ಜಿ!"

ಮಿಷಿನ್ ನಿಂತಿತು. ಸೊಸೆ ತಲೆ ಎತ್ತಲಿಲ್ಲ.

ಅತ್ತೆ ಕತ್ತರಿ ಕೆಳಗಿಟ್ಟು ಎದ್ದು ನಿಂತಳು. "ಹೋಗಿಲ್ಲಮ್ಮಾ. ಹೋಗೋದೂ ಇಲ್ವಂತೆ. ಅವತ್ತೂ ಉರೀತಿತ್ತು, ಈಗಲೂ ಉರೀತಿದೆ. ಆ ಉರಿಯಲ್ಲೇ ನಿನ್ನ ಮಗಳ ಅಂಗಿ ಹೊಲೀತಿದಾಳೆ ನನ್ನ ಸೊಸೆ. ನಾಟಕ ಅಂತ ನಿಂಗೆ ಹೇಳಿದ್ದು ನಾನು. ತಪ್ಪು ಹೇಳಿದ್ದೆ. ಇದನ್ನೂ ಹಾಗೇ ಬೀದಿಗೆಲ್ಲ ಹೇಳು!"

ಬೇಕರಿಯಾಕೆ ಕಿಟಕಿಯಿಂದ ಹಿಂದೆ ಸರಿದಳು. ಅತ್ತೆಗೆ ಸೊಸೆಯ ಬೆನ್ನು ಮಾತ್ರ ಕಾಣುತ್ತಿತ್ತು, ಅದು ಸಣ್ಣಗೆ ನಡುಗಿತು... ಅತ್ತೆ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು:

"ಸಾಕೇನಮ್ಮಾ?"

ಸೊಸೆ ಎಡಗೈಯಿಂದ ಕಣ್ಣೊರೆಸಿಕೊಂಡು ಸೂಜಿಯ ಕೆಳಗೆ ಅಂಚನ್ನು ಸರಿಮಾಡಿದಳು.

"ಇನ್ನೊಂದು ಗೇಣು ಆಗ್ಲಿ ಅತ್ತೆ," ಅಂದಳು.