ಎಣ್ಣೆಗಾಣದಲ್ಲಿ ಮಿಟುಕಿದ ದೀಪ

ಆಲಿವ್ ಸುಗ್ಗಿ ಜೋರಾಗಿದ್ದ ಕಾಲ, ಡಿಸೆಂಬರಿನ ಒಂದು ಮಂಗಳವಾರ. ಬೆಳಗಿನ ನಮಾಜು ಮುಗಿಸಿ, ಬಿಸಿ ರೊಟ್ಟಿ ಕಂಕುಳಲ್ಲಿಟ್ಟುಕೊಂಡು ಗಾಣಕ್ಕೆ ಮರಳಿದೆ. ಬಾಗಿಲಲ್ಲೇ ಸೀದ ವಾಸನೆ ಮೂಗಿಗೆ ಹೊಡೆಯಿತು.

ಹೋಗುವ ಮುಂಚೆ ಅರೆದ ಕಾಯನ್ನು ಕಲಸುವ ತೊಟ್ಟಿಗೆ ಬಿಟ್ಟು, ಸ್ವಿಚ್ ಹಾಕಿ ಹೋಗಿದ್ದೆ. ತೊಟ್ಟಿಯ ಹಿಟ್ಟು ಬೆಚ್ಚಗಿರಬೇಕು, ಅಷ್ಟೇ. ಈಗ ಅದರಿಂದ ಹಬೆ ಏಳುತ್ತಿತ್ತು. ಗೋಡೆಯ ಪುಟ್ಟ ಪೆಟ್ಟಿಗೆಯೊಳಗೆ ಟಕ್, ಟಕ್, ಟಕ್ ಎಂದು ಗಡಿಯಾರದ ಹಾಗೆ ಸದ್ದು. ಹೋಗುವಾಗ ಅರೆಯುವ ಯಂತ್ರದ ಗದ್ದಲದಲ್ಲಿ ಅದು ಕೇಳಿರಲಿಲ್ಲ. ಯಾವಾಗಲೋ ಒಮ್ಮೆ ಟಕ್ ಎಂದು ಸುಮ್ಮನಾಗುವ ಪೆಟ್ಟಿಗೆ ಅದು.

ಕರೆಂಟು ತೆಗೆದೆ. ಮಾಲಕಿ ಲಲ್ಲಾ ಬಹೀಜಾ ಓಡಿ ಬಂದರು. ತೊಟ್ಟಿಗೆ ಕೈ ಹಾಕಿ ಸರಕ್ಕನೆ ಹಿಂದಕ್ಕೆಳೆದರು.

"ಸದ್ದೂಕ್, ಇದು ಹಳ್ಳಿಯವರ ಕಾಯಿ! ಮಕ್ಕಳು ಮರಿ ಎಲ್ಲ ಸೇರಿ ಕಿತ್ತು ತಂದಿದ್ದು. ಏನಂತ ಮುಖ ತೋರಿಸ್ಲಿ? ಆ ಹುಡುಗಿ ಎಲ್ಲಿ?"

*

ಹುಡುಗಿ ಎಂದರೆ ಉಲ್ಫಾ. ಸ್ಫಾಕ್ಸ್ ಪಟ್ಟಣದ ತರಬೇತಿ ಕೇಂದ್ರದಲ್ಲಿ ಕಾರ್ಖಾನೆ ಯಂತ್ರಗಳನ್ನು ಹತೋಟಿಯಲ್ಲಿಡುವ ವಿದ್ಯೆ ಕಲಿಯುತ್ತಿದ್ದಳು. ಹೊಸಬರು ಕಲಿಯಲೆಂದು ಅಲ್ಲಿ ಅಂಗೈಯಗಲದ ಅಗ್ಗದ ಮೈಕ್ರೊಕಂಟ್ರೋಲರ್ ಬೋರ್ಡ್ ಕೊಡುತ್ತಾರೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಬರೆದು, ತಂತಿಯಲ್ಲಿ ಅದಕ್ಕೆ ಇಳಿಸುತ್ತಾರೆ. ಉಲ್ಫಾಳ ಬೋರ್ಡ್ ನಮ್ಮ ತೊಟ್ಟಿಯ ಬಿಸಿ ನೋಡಿ, ಹೀಟರನ್ನು ತಾನೇ ಹಾಕಿ ತೆಗೆದು ಮಾಡುತ್ತಿತ್ತು. ಈ ವಾರ ಸರಿಯಾಗಿ ನಡೆದರೆ ಲಲ್ಲಾ ಪತ್ರ ಕೊಡಬೇಕು. ಆ ಪತ್ರವಿದ್ದರೆ ಅವಳಿಗೆ ಡಿಪ್ಲೊಮಾ.

ಈಗ ಪತ್ರದ ಮಾತು ಹಾಗಿರಲಿ, ಲಲ್ಲಾ ಕಡೆಯಿಂದ ಅವಳ ಮೇಲೆಯೇ ಪೊಲೀಸ್ ದೂರು ಹೋಗಿತ್ತು.

ಇನ್ಸ್‌ಪೆಕ್ಟರ್ ಮುನ್ಸಿಫ್ ಜಲ್ಲೂಲಿ ಬಂದರು. ದಪ್ಪ ಮನುಷ್ಯ, ನಿಧಾನದ ನಡಿಗೆ. ನನ್ನ ರೊಟ್ಟಿ ಮುರಿದು, ತೊಟ್ಟಿಯಲ್ಲಿ ತೇಲಿದ್ದ ಕೆಟ್ಟ ಎಣ್ಣೆಯಲ್ಲಿ ಅದ್ದಿ ಬಾಯಿಗಿಟ್ಟರು. ಥೂ ಎಂದು ಉಗುಳಿದರು.

"ಕೀಲಿ ಯಾರ ಹತ್ರ?"

"ನನ್ನ ಹತ್ರ," ಎಂದೆ.

"ಹಾಗಾದ್ರೆ ಮೊದಲ ಅನುಮಾನ ನಿಮ್ಮ ಮೇಲೆ. ಬೇಜಾರು ಮಾಡ್ಕೋಬೇಡಿ, ಅಜ್ಜ."

ಬೇಜಾರೇನೂ ಆಗಲಿಲ್ಲ. ನನಗೂ ಎಲ್ಲರ ಮೇಲೆ ಅನುಮಾನವಿತ್ತು.

ಹಿಂದಿನ ಸಂಜೆ ಕರೆಂಟು ತೆಗೆದ ಮೇಲೆ ಒಳಗೆ ಇಬ್ಬರು ಬಂದಿದ್ದರು. ಒಬ್ಬ ವಜ್ದಿ, ಉಲ್ಫಾಳ ಸಹಪಾಠಿ. ತರಗತಿಯಲ್ಲಿ ಅವಳ ಹಿಂದೆಯೇ ಉಳಿದವನು. ಅವಳು ಊಟಕ್ಕೆ ಹೋದಾಗ ಪೆಟ್ಟಿಗೆಯ ಹತ್ತಿರ ಒಬ್ಬನೇ ನಿಂತಿದ್ದ. ಇನ್ನೊಬ್ಬ ನಿಜಾರ್, ಎಲ್ಲರೂ ಮರ್ಯಾದೆಗೆ ಸೀ ನಿಜಾರ್ ಎನ್ನುತ್ತಾರೆ. ಅರೆಯುವ ಯಂತ್ರಕ್ಕೆ ಆಳೆತ್ತರದ ಕಂಟ್ರೋಲ್ ಕಪಾಟಿದೆ, ಹೊರದೇಶದ್ದು. ಪ್ರತಿ ಸುಗ್ಗಿಗೂ ಅದರ ಸ್ಕ್ರೂ ಬಿಗಿ ಮಾಡಲು ಅವನೇ ಬರಬೇಕು. ಈ ದಾರಿಯ ಗಾಣಗಳೆಲ್ಲ ಅವನ ಕೈಯಲ್ಲೇ. ತೊಟ್ಟಿಯ ಹೀಟರ್ ಕೂಡ ಹೋದ ವರ್ಷದವರೆಗೆ ಅವನ ಕಪಾಟಿಗೇ ಸೇರಿತ್ತು.

ಇಬ್ಬರನ್ನೂ, ಜೊತೆಗೆ ಉಲ್ಫಾಳನ್ನೂ ಕರೆಸಿದರು.

*

ಇನ್ಸ್‌ಪೆಕ್ಟರ್ ಪೆಟ್ಟಿಗೆ ತೆರೆಸಿದರು. ಹೀಟರಿನ ತಂತಿ ಬಿಡಿಸಿ, ಬೋರ್ಡಿಗಷ್ಟೇ ಕರೆಂಟು ಕೊಡಿಸಿದರು. ಮೂಲೆಯಲ್ಲಿ ಒಂದು ಪುಟ್ಟ ದೀಪ ಹತ್ತಿತು, ಆರಿತು. ಹತ್ತಿತು, ಆರಿತು. ಅದರ ತಾಳಕ್ಕೆ, ಹೀಟರನ್ನು ಹಾಕಿ ತೆಗೆಯುವ ರಿಲೇ ಟಕ್ ಟಕ್ ಎಂದಿತು.

ಉಲ್ಫಾ ಎರಡು ಹೆಜ್ಜೆ ಮುಂದೆ ಬಂದಳು. "ಇದು ನನ್ನ ಪ್ರೋಗ್ರಾಂ ಅಲ್ಲ."

"ಅಲ್ದೇ ಇನ್ಯಾರದಮ್ಮಾ?" ನಿಜಾರ್ ನಕ್ಕ. "ಬೋರ್ಡ್ ಮೇಲೆ ನಿನ್ನ ಮೀನು ಕಾಣ್ತಿದೆಯಲ್ಲ. ಆಟದ ಸಾಮಾನು ತಂದು ಗಾಣಕ್ಕೆ ಕಟ್ಟಿದ್ರೆ ಹೀಗೇ ಆಗೋದು."

ಮೀನು ಇತ್ತು, ನಿಜ. ದೃಷ್ಟಿ ತಾಗದಿರಲೆಂದು ಹೊಸ ವಸ್ತುವಿನ ಮೇಲೆ ಮೀನು ಬರೆಯುತ್ತೇವೆ. ಉಲ್ಫಾ ಬರೆಯುವಾಗ ನಾನು ಪಕ್ಕದಲ್ಲೇ ಇದ್ದೆ.

ಇನ್ಸ್‌ಪೆಕ್ಟರ್ ಉಲ್ಫಾಳನ್ನು ಹೊರಗೆ ಕಾಯಿರಾಶಿಯ ಹತ್ತಿರ ಕರೆದೊಯ್ದರು. ತುಂಬ ಹೊತ್ತು ಮಾತಾಡಿದರು. ಅವಳು ಕಣ್ಣೊರೆಸಿಕೊಳ್ಳುತ್ತಲೇ ಕೈಯಾಡಿಸಿ ಏನೋ ವಿವರಿಸುತ್ತಿದ್ದಳು. ಲಲ್ಲಾ ನನ್ನ ಕಿವಿಯಲ್ಲಿ, "ಒಪ್ಕೊಂಡ್ಲಾ ಹೇಗೆ?" ಎಂದರು.

ಇನ್ಸ್‌ಪೆಕ್ಟರ್ ಮರಳಿ ಬಂದು ವಜ್ದಿಯನ್ನು ಮಾತ್ರ ಒಳಗೆ ಕರೆದರು.

"ಅಂಗಡಿಯಿಂದ ಹೊಸ ಬೋರ್ಡ್ ತಂದು ಕರೆಂಟು ಕೊಟ್ರೆ ಏನು ಮಾಡುತ್ತಪ್ಪಾ?"

"ದೀಪ ಮಿಟುಕಿಸುತ್ತೆ ಸರ್. ಕೆಟ್ಟಿಲ್ಲ ಅಂತ ತೋರಿಸೋಕೆ ಮಾಡಿದವರೇ ಹಾಕಿ ಕಳಿಸಿರ್ತಾರೆ. ಮೊದಲ ದಿನವೇ ಕಲಿತೀವಿ."

ಅವನನ್ನು ಕಳಿಸಿ ನಿಜಾರನನ್ನು ಕರೆದರು. ಅದೇ ಪ್ರಶ್ನೆ.

"ಏನು ಮಾಡುತ್ತೆ? ಏನೂ ಇಲ್ಲ. ಹೊಸದು ಅಂದ್ರೆ ಖಾಲಿ. ನಾವು ಪ್ರೋಗ್ರಾಂ ತುಂಬೋವರೆಗೂ ಹೆಣದ ಹಾಗೆ ಬಿದ್ದಿರುತ್ತೆ. ನಮ್ಮ ದೊಡ್ಡ ಕಪಾಟಿನದೂ ಹಾಗೇ."

"ಹೌದಾ?" ಇನ್ಸ್‌ಪೆಕ್ಟರ್ ಕೈ ಒರೆಸಿಕೊಂಡರು. "ಎಲ್ಲರೂ ಬನ್ನಿ ಒಳಗೆ."

*

"ಉಲ್ಫಾಳ ಪ್ರೋಗ್ರಾಂ ಕೆಟ್ಟಿಲ್ಲ," ಎಂದರು. "ಅಳಿಸಿಯೂ ಹೋಗಿಲ್ಲ. ಅಳಿಸಿದ್ರೆ ಈ ಮಿಟುಕಾಟ ತಾನಾಗಿ ವಾಪಸ್ ಬರಲ್ಲವಂತೆ. ಅಂದ್ರೆ ಇದು ಬೇರೆ ಬೋರ್ಡ್, ಈಗಷ್ಟೇ ಅಂಗಡಿಯಿಂದ ಬಂದದ್ದು. ಯಾರೋ ಬದಲಾಯಿಸಿದ್ದಾರೆ. ದೀಪ ಇರೋ ತಂತಿಗೇ ಹೀಟರ್ ರಿಲೇನೂ ಸೇರಿದೆ. ದೀಪ ಹತ್ತಿದಾಗೆಲ್ಲ ಹೀಟರೂ ಹತ್ತಿದೆ, ಬಿಸಿ ನೋಡಿ ನಿಲ್ಲಿಸೋರಿಲ್ಲ. ಹಿಟ್ಟು ಬೇಯದೆ ಏನಾಗುತ್ತೆ?"

"ವಜ್ದಿಯೇ ಇರಬೇಕು!" ಲಲ್ಲಾ ಸಿಡಿದರು.

"ಅವನಾದ್ರೆ ಇದು ಮಿಟುಕುತ್ತೆ ಅಂತ ಗೊತ್ತಿದ್ದು ಇಡ್ತಿದ್ನಾ? ಕರೆಂಟು ಕೊಟ್ಟ ಕೂಡ್ಲೇ ಗುಟ್ಟು ರಟ್ಟು. ಇಟ್ಟವನಿಗೆ ಇದು ಸತ್ತ ಹಾಗೆ ಬಿದ್ದಿರುತ್ತೆ ಅನ್ನೋ ನಂಬಿಕೆ. ತೊಟ್ಟಿ ತಣ್ಣಗಿರುತ್ತೆ, ಹುಡುಗಿ ನಗೆಪಾಟಲಾಗ್ತಾಳೆ, ಹೀಟರ್ ವಾಪಸ್ ಕಪಾಟಿಗೆ ಬರುತ್ತೆ. ಅಲ್ವಾ, ಸೀ ನಿಜಾರ್?"

"ನನಗೆ ಇಂಥದ್ದು ಮುಟ್ಟಿಯೂ ಗೊತ್ತಿಲ್ಲ!"

"ಮೀನು ಬರೆಯೋದು ಚೆನ್ನಾಗಿ ಗೊತ್ತು." ಇನ್ಸ್‌ಪೆಕ್ಟರ್ ಬೋರ್ಡನ್ನು ಬೆಳಕಿಗೆ ಹಿಡಿದರು. "ಉಲ್ಫಾ, ನಿನ್ನ ಮೀನು ಯಾವ ಬಣ್ಣ?"

"ಅಕ್ಕನ ಮದುವೆಯ ಉಗುರುಬಣ್ಣ, ಸರ್. ಮಿಂಚಿನ ಪುಡಿ ಇರೋದು. ಇದು ಮಂಕು ಕೆಂಪು."

"ಈ ಮಂಕು ಕೆಂಪು ಇಲ್ಲಿ ಇನ್ನೆಲ್ಲಿದೆ?"

ಎಲ್ಲರ ಕಣ್ಣೂ ದೊಡ್ಡ ಕಪಾಟಿನ ಕಡೆ ಹೋಯಿತು. ಬಿಗಿ ಮಾಡಿದ ಪ್ರತಿ ಸ್ಕ್ರೂ ತಲೆಯ ಮೇಲೂ ನಿಜಾರ್ ಒಂದೊಂದು ಬೊಟ್ಟು ಬಣ್ಣ ಇಡುತ್ತಾನೆ, ಸಡಿಲಾದರೆ ತಿಳಿಯಲೆಂದು. ಅದೇ ಕೆಂಪು.

ನಿಜಾರನ ಚೀಲ ತೆರೆಸಿದರು. ಬಣ್ಣದ ಸೀಸೆಯ ಕೆಳಗೆ, ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿ ಉಲ್ಫಾಳ ಬೋರ್ಡ್ ಇತ್ತು. ಮೀನು ಮಿಂಚುತ್ತಿತ್ತು.

"ಇದನ್ನ ಸಮುದ್ರಕ್ಕೆ ಎಸೆಯೋಕೇನಾಗಿತ್ತು?" ಇನ್ಸ್‌ಪೆಕ್ಟರಿಗೇ ಆಶ್ಚರ್ಯ.

ನಿಜಾರ್ ನೆಲ ನೋಡಿದ. "ಎಣ್ಣೆ ಸೀದು ಹೋಗ್ಲಿ ಅಂತ ನಾನು ಮಾಡ್ಲಿಲ್ಲ, ದೇವರಾಣೆ. ಇಷ್ಟು ಅಗ್ಗದ್ದು ನನ್ನ ಕಪಾಟಿನ ಕೆಲಸ ಹೇಗೆ ಮಾಡುತ್ತೆ ಅಂತ ನೋಡ್ಬೇಕಿತ್ತು."

"ಕೇಳಿದ್ರೆ ತೋರಿಸ್ತಿದ್ದೆ, ಸೀ ನಿಜಾರ್," ಎಂದಳು ಉಲ್ಫಾ.



ಉಲ್ಫಾ ತನ್ನ ಬೋರ್ಡನ್ನು ಜಾಗಕ್ಕೆ ಕೂರಿಸಿದಳು. ಹೊಸ ಹಿಟ್ಟು ಬಿಟ್ಟೆವು. ಟಕ್ ಎಂದಿತು. ಆಮೇಲೆ ಸುಮ್ಮನಾಯಿತು. ನಾವೆಲ್ಲ ಉಸಿರು ಹಿಡಿದು ಆ ಮೌನವನ್ನೇ ಕೇಳುತ್ತ ನಿಂತೆವು. ತೊಟ್ಟಿ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಲಲ್ಲಾ ಉಲ್ಫಾಳ ತಲೆ ಸವರಿದರು.

ನಿಜಾರ್ ಹೋದದ್ದು ಅದೇ ಮಂಗಳವಾರ, ಪೊಲೀಸ್ ಜೀಪಿನಲ್ಲಿ. ಉಲ್ಫಾ ಹೋದದ್ದು ಭಾನುವಾರ, ಲಲ್ಲಾ ಕೊಟ್ಟ ಪತ್ರ ಎದೆಗವಚಿಕೊಂಡು. ಬೋರ್ಡನ್ನು ಗಾಣದಲ್ಲೇ ಬಿಟ್ಟು ಹೋದಳು.