ಬೆಳೆಗಾರನ ಚೀಟಿ

“ರಿಜೆಕ್ಟೆಡ್! ನೆಕ್ಸ್ಟ್ ಬೇಲ್!”

ವ್ಯಾಪಾರಿಯ ಪಾತ್ರದಲ್ಲಿದ್ದ ಸ್ಪಂದನಾ ಕೂಗಿದ್ದೇ ತಡ, ಹಿಂದಿನ ಬೆಂಚಿನಲ್ಲಿದ್ದ ಮಹದೇವಪ್ರಸಾದ್ ಎದ್ದು ಹೊರಟೇಬಿಟ್ಟ!

ಪಾಠ ನಡೆಸುತ್ತಿದ್ದ ಶಿವಾನಿ ಬಾಗಿಲತ್ತಲೇ ನೋಡಿದಳು.

ಹುಣಸೂರಿನ ಕಾಲೇಜೊಂದರಲ್ಲಿ ಅವಳು ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಬಿ.ಕಾಂ. ಮಕ್ಕಳಿಗೆ ವ್ಯಾಪಾರದ ಇಂಗ್ಲಿಷ್ ಕಲಿಸಲು ತರಗತಿಯನ್ನೇ ಹೊಗೆಸೊಪ್ಪಿನ ಹರಾಜು ಕಟ್ಟೆ ಮಾಡಿದ್ದಳು. ಬೇಲ್ ಎಂದರೆ ಸೊಪ್ಪಿನ ಮೂಟೆ. ಪ್ರತಿ ಪಾತ್ರಕ್ಕೂ ಮಾತು ಬರೆದ ಒಂದೊಂದು ಚೀಟಿ. ಪಾಠ ನೋಡಿ ವರದಿ ಬರೆಯಲು ಬಂದವನು ಕಾಮರ್ಸ್ ಮೇಷ್ಟ್ರು ಮಹದೇವಪ್ರಸಾದ್. ಅವನು ಒಪ್ಪಿದರಷ್ಟೇ ಮುಂದಿನ ವರ್ಷ ಕೆಲಸ.

ಮೂರು ತಿಂಗಳಿಂದ ಸ್ಟಾಫ್ ರೂಮಿನಲ್ಲಿ ಅವಳ ಟೀ ಆರದಂತೆ ತಟ್ಟೆ ಮುಚ್ಚಿಡುತ್ತಿದ್ದವನೂ ಅವನೇ...

‘ನನ್ನನ್ನು ಇಷ್ಟು ಹಗುರ ಮಾಡಿದರಾ?’

ಸಂಜೆ ಧೈರ್ಯ ಮಾಡಿ ಕೇಳಿದಳು. “ಪಾಠ ಅಷ್ಟು ಕೆಟ್ಟದಾಗಿತ್ತಾ ಸರ್?”

“ಚೆನ್ನಾಗಿತ್ತು ಕಣ್ರೀ. ಅದಕ್ಕೇ ಕೂರಕ್ಕಾಗ್ಲಿಲ್ಲ.”

ಅವನು ಅವಳ ಚೀಟಿಗಳನ್ನು ಮೇಜಿನ ಮೇಲೆ ಹರಡಿದ. ವ್ಯಾಪಾರಿಗೆ ಎಂಟು ಸಾಲು. ಬೆಳೆಗಾರನಿಗೆ ಒಂದೇ: ‘ಓಕೆ, ಸರ್.’

“ಡಿಗ್ರಿ ಓದ್ತಿದ್ದಾಗ ಬೆಟ್ಟದಪುರದಿಂದ ಅಪ್ಪನ ಜೊತೆ ಹರಾಜಿಗೆ ಓಗಿದ್ದೆ. ನಮ್ಮ ಬೇಲ್ ಬ್ಯಾಡ ಅಂತ ತಳ್ಳಿದ್ರು. ‘ಯಾಕೆ ಅಂತ ನೀನೇ ಕೇಳ್ಲಾ ಮಗ’ ಅಂದ್ರು ಅಪ್ಪ. ಇಂಗ್ಲಿಷ್ ಬಾಯಿಗೇ ಬರ್ಲಿಲ್ಲ. ‘ಓಕೆ ಸರ್’ ಅಂದ್ಬುಟ್ಟೆ. ಊರು ಸೇರೋವರ್ಗೂ ಅಪ್ಪ ನನ್ ಮುಖ ನೋಡ್ಲಿಲ್ಲ...”

‘ಅಯ್ಯೋ, ಬೆಳೆದವನ ಬಾಯನ್ನು ನಾನೂ ಕಟ್ಟಿಬಿಟ್ಟೆನಲ್ಲ!’

ಮರುದಿನ ಶಿವಾನಿ ಬೆಳೆಗಾರನಿಗೆ ಹೊಸ ಚೀಟಿ ಬರೆದು ತಂದಳು. ಮಕ್ಕಳೆದುರು ಅದನ್ನು ಅವನ ಕೈಗೇ ಇಟ್ಟಳು.

“ರಿಜೆಕ್ಟೆಡ್!” ಎಂದಳು ಸ್ಪಂದನಾ.

“ವೈ, ಸರ್? ಪ್ಲೀಸ್... ಶೋ ಮಿ ವಾಟ್ ಈಸ್ ರಾಂಗ್.” ಮಹದೇವಪ್ರಸಾದ್ ಚೀಟಿ ಓದಿದ.

ಅವನ ದನಿ ಒಡೆಯಿತು. ಸರಸರನೆ ವರಾಂಡಕ್ಕೆ ನಡೆದ. ಅವಳೂ ಹಿಂದೆಯೇ ಹೋದಳು.

“ವರದಿ...?”

“ನಾನು ಬರೆಯಲ್ಲ. ಬೇರೆಯವ್ರನ್ನ ಕಳ್ಸಿ ಅಂತ ಪ್ರಿನ್ಸಿಪಾಲರಿಗೆ ಏಳ್ಬುಟ್ಟೆ.”

ಬೇರೆಯವರು ಏನು ಬರೆಯುತ್ತಾರೋ! “ಯಾಕೆ ಸರ್?”

“ನಾನು ಬರೆದ್ರೆ ಪಕ್ಷಪಾತ ಆಯ್ತದೆ.” ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕ. “ಇದನ್ನೂ ಇಂಗ್ಲಿಷಲ್ಲೇ ಏಳ್ಬೇಕಾ?”

“ಬೇಡ... ಕನ್ನಡದಲ್ಲೇ ಹೇಳಿ.”

“ನೀವಂದ್ರೆ ನಂಗೆ ಪ್ರಾಣ ಕಣ್ರೀ.”

ಅವಳು ಅವನ ಕೈಲಿದ್ದ ಚೀಟಿಯ ಇನ್ನೊಂದು ತುದಿಯನ್ನು ಮೆಲ್ಲಗೆ ಹಿಡಿದುಕೊಂಡಳು.

“ಮೇಡಂ, ಸರ್ ಯಾಕೆ ಅತ್ರು?” ಬಾಗಿಲಲ್ಲಿ ಸ್ಪಂದನಾ!

“ಕಣ್ಣಿಗೆ ಚಾಕ್ ಪುಡಿ ಬಿತ್ತು ಕಣೇ. ಹೋಗು, ಮುಂದಿನ ಬೇಲ್ ಕೂಗು.”

ಕೆಲಸ ಉಳಿದರೂ, ಹೋದರೂ... ಅಂದು ಅವನ ಅಪ್ಪ, ಮಗನ ಮುಖ ನೋಡದೆ ನಡೆದ ಆ ದಾರಿಯ ಕಥೆಯನ್ನು ತಾನು ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು ಶಿವಾನಿ.